ಕಾಲಿಗೆಷ್ಟು ಅಂಕ

ಅಜ್ಮಾನಿನ ಕೈಗಾರಿಕಾ ವಸಾಹತು, ಎರಡನೆಯ ಗಲ್ಲಿ.
ಹೊರಗೆ ಪಂಪು, ಪೈಪು, ವಾಲ್ವುಗಳ ರಾಶಿ,
ಒಳಗೆ ಏಸಿ ಹನಿಯುವಲ್ಲಿ ನನ್ನ ಲೆಕ್ಕದ ಮೇಜು.
ಎದುರಿಗೆ ಘಾನಿಮ್ ಸಾಹೇಬರು,
ಕೈಯಲ್ಲಿ ಬಿಲ್ಲು, ಕಣ್ಣು ಗೋಡೆಯ ಪಟದ ಕುದುರೆಯಲ್ಲಿ.

ಅರಬ್ಬಿಯಲ್ಲಿ ‘ಪ’ ಇಲ್ಲ.
ವಿರೂಪಾಕ್ಷ ಅವರ ಬಾಯಲ್ಲಿ ‘ಫಿರೂಬ’ ಆದ.
ಹತ್ತೊಂಬತ್ತು ವರ್ಷ. ಈಗ ಊರಿಂದ ಫೋನು ಬಂದು
ವಿರೂಪಾಕ್ಷಾ ಅಂದರೆ
ಓಗೊಡುವುದು ಒಂದು ಗಳಿಗೆ ತಡ.

ಅವರಜ್ಜ ಮುತ್ತು ತೂಗಿದವನಂತೆ,
ದೋಣಿಯ ಹಲಗೆಯ ಮೇಲೆ ಕೆಂಪು ಬಟ್ಟೆ ಹಾಸಿ,
ಒಂದೊಂದನ್ನೂ ಬೆಳಕಿಗೆ ತಿರುಗಿಸಿ, ಮಾತಾಡದೆ.
ಮುತ್ತಿನ ಪೇಟೆ ಮುಳುಗಿತು. ಅಪ್ಪ ಟೈರು ಮಾರಿದ, ಮಗ ಪಂಪು.
ತೂಗುವ ಕಣ್ಣು ಮಾತ್ರ ಒಂದು ತಲೆಮಾರು ದಾಟಿ ಬಂದು
ಕುದುರೆಯ ಬೆನ್ನೇರಿ ಕೂತಿತು.
ಲಾಯದ ಮೊದಲ ಹೆಣ್ಣುಕುದುರೆಗೆ ಇಟ್ಟ ಹೆಸರು ದಾನಾ.
ಅವರಲ್ಲಿ ಹಾಗೆಂದರೆ ದೊಡ್ಡ ಮುತ್ತು.
ನನಗೆ ಗಾದೆ ನೆನಪಾಯಿತು, ಹಲ್ಲು ಎಣಿಸಲಿಲ್ಲ.

ಶುಕ್ರವಾರ ಸಂಜೆ ಪ್ರದರ್ಶನ.
ಬಿಳಿ ಕಂದೂರ, ಎದೆಗೆ ತೀರ್ಪುಗಾರರ ಬಿಲ್ಲೆ,
ಕೈಯಲ್ಲಿ ಪೆನ್ಸಿಲು (ಪೆನ್ನಿನ ಶಾಯಿ ಬಿಸಿಲಿಗೆ ಹೆದರುತ್ತದಂತೆ).
ತಲೆಗೆ ಇಷ್ಟು, ಮೈಗೆ ಇಷ್ಟು, ನಡೆಗೆ ಇಷ್ಟು, ಇಪ್ಪತ್ತರಲ್ಲಿ.
ಬಾಲ ಬಾವುಟದಂತೆ ಎತ್ತಿ ಗಂಡುಗುದುರೆ ಸುತ್ತುವಾಗ
ಜನವೆಲ್ಲ ಮೋರೆ ನೋಡುತ್ತದೆ,
ಸಾಹೇಬರು ಗೊರಸು ನೋಡುತ್ತಾರೆ.
“ತಲೆಗೆ ಇಪ್ಪತ್ತು ಕೊಟ್ಟಿದ್ದೇನೆ, ಫಿರೂಬ, ಎರಡು ಸಲ.
ಕಾಲಿಗೆ ಒಮ್ಮೆಯೂ ಇಲ್ಲ.
ನಿಂತೇ ನಿದ್ದೆ ಮಾಡುವ ಜೀವ,
ಎಲ್ಲೋ ಒಂದು ಕಡೆ ಸೊಟ್ಟ ಇದ್ದೇ ಇರುತ್ತದೆ.”

ಒಂದು ವರ್ಷ ಕಣದಲ್ಲಿ ಬಂದದ್ದು
ನಮ್ಮಿಂದ ನಾನೂರು ಪಂಪು ಕೊಳ್ಳಲಿದ್ದವರ ಕುದುರೆ.
ಮುಂಗಾಲು ಒಳಗೆ ತಿರುಗಿತ್ತು. ಹನ್ನೆರಡೂವರೆ ಬರೆದರು.
ಸೋಮವಾರ ಆರ್ಡರು ರದ್ದಾದ ಕಾಗದ ಬಂತು.
ನಷ್ಟವನ್ನು ಯಾವ ಖಾತೆಗೆ ಬರೆಯಲಿ ಎಂದೆ.
“ಮುಂಗಾಲಿನ ಖಾತೆಗೆ” ಎಂದು ಚಹಾ ತರಿಸಿದರು.
ಆ ತಿಂಗಳ ಸಂಬಳ ಹನ್ನೊಂದು ದಿನ ತಡ.
ನಾನೂ ಬೈದುಕೊಂಡೆ, ಕನ್ನಡದಲ್ಲಿ.

ಇನ್ನೊಮ್ಮೆ ಲಾಯಕ್ಕೆ ಕರೆದೊಯ್ದರು.
ನನ್ನ ಹರಕು ಅರಬ್ಬಿಯಲ್ಲಿ ಹಾಸ್ಯ ಮಾಡಿದೆ:
ನಮ್ಮಲ್ಲೊಂದು ಮಾತಿದೆ, ಕುದುರೆ ಕಂಡರೆ ಕಾಲುನೋವು.
ಅವರು ನಗಲಿಲ್ಲ. “ನಡೆ” ಎಂದರು.
ನಡೆದೆ. “ತಿರುಗು.” ತಿರುಗಿದೆ.
“ಎಡಗಾಲು ಎಳೆಯುತ್ತೀಯ. ಯಾವಾಗಿನಿಂದ?”
ನನಗೇ ಗೊತ್ತಿರಲಿಲ್ಲ.
ಎರಡು ವಾರಕ್ಕೆ ಬೆನ್ನಿನ ಆಪರೇಶನ್ನು, ಖರ್ಚು ಅವರದು.
ಕುದುರೆಯಂತೆ ನೋಡಿದರಲ್ಲ ಎಂದು
ಅವಮಾನವಾದದ್ದೂ ನಿಜ, ಹೇಳಿಬಿಡುತ್ತೇನೆ.

ರಜೆ ಮುಗಿಸಿ ಕಮಲಾಪುರದಿಂದ ಬಂದಾಗ ಫೋಟೋ ತೋರಿಸಿದೆ:
ಮಹಾನವಮಿ ದಿಬ್ಬದ ಗೋಡೆ,
ಚೂಪುಗಡ್ಡದವರು ಲಗಾಮು ಹಿಡಿದು ನಿಂತಿದ್ದಾರೆ,
ಕಡಲು ದಾಟಿ ಕುದುರೆ ಮಾರಲು ಬಂದವರು.
ಎರಡು ಬೆರಳಲ್ಲಿ ಹಿಗ್ಗಿಸಿ ಬಹಳ ಹೊತ್ತು ನೋಡಿದರು.
“ಇವನ ರುಮಾಲು ನಮ್ಮ ಕಡೆಯದಲ್ಲ” ಎಂದು ಶುರುಮಾಡಿ,
“ಕುತ್ತಿಗೆ ದಪ್ಪ. ಬೆನ್ನು ಪರವಾಗಿಲ್ಲ.
ಕೆತ್ತಿದವನು ಕುದುರೆ ನಿಂತದ್ದನ್ನು ಕಂಡಿದ್ದಾನೆ,
ಓಡಿದ್ದನ್ನು ಕಂಡಿಲ್ಲ.
ಕಾಲಿಗೆ ಹದಿನಾಲ್ಕೂವರೆ.”
ಐನೂರು ವರ್ಷದ ಕಲ್ಲು ಬೇಸರಿಸಲಿಲ್ಲ.

ಈ ಚಳಿಗಾಲ ಬಿಲ್ಲೆ ಹಿಂದಿರುಗಿಸಿದರು.
ಬಲಗಣ್ಣಿಗೆ ಮಂಜು.
ದಾನಾ ಹೋದದ್ದು ರಮ್ಜಾನಿಗೆ ಮುಂಚೆ, ನಿಂತಲ್ಲೇ ಮಂಡಿಯೂರಿ.
ಅಂಗಡಿಗೆ ಮಾತ್ರ ಬರುತ್ತಾರೆ,
ಕಾರಿನಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ,
ಕಳೆದ ವರ್ಷ ಆರು ಇತ್ತು.
ಗಾಜಿನ ಹಿಂದೆ ನಾನು ಎಣಿಸುವುದು ಅವರಿಗೆ ತಿಳಿದಿದೆ.

ಇವತ್ತು ಕೋಲು ಮೂಲೆಗಿಟ್ಟು, ಕೂತು, ಕೇಳಿದರು:
“ಎಷ್ಟು?”
ನಾನು ಲೆಕ್ಕದವನು, ಸುಳ್ಳು ಬರೆದು ಅಭ್ಯಾಸವಿಲ್ಲ.
ಹದಿನಾಲ್ಕೂವರೆ, ಎಂದೆ.

“ಹೆಚ್ಚಾಯಿತು” ಎಂದರು ಸಾಹೇಬರು.
“ವಾಲ್ವಿನ ಫೈಲು ತೆಗೆ.”